ಎರಡು ಮಾತಿನ ತೊಟ್ಟಿಲು: ತಾಯಲೂರು ಪರಿಸರದ ಶಿಶುಜಾನಪದ ಮತ್ತು ದ್ವಿಭಾಷಿಕತೆಯ ಅಧ್ಯಯನ

ಪ್ರವೇಶ

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಹೋಬಳಿ ಕೇಂದ್ರವಾದ ತಾಯಲೂರು, ಕನ್ನಡ ಮತ್ತು ತೆಲುಗು ಒಂದರೊಳಗೊಂದು ಹೆಣೆದುಕೊಂಡಿರುವ ಗಡಿಸೀಮೆಗೆ ಸೇರಿದ ಊರು. ತಾಲ್ಲೂಕಿನ ಪೂರ್ವದ ಅಂಚು ಆಂಧ್ರಪ್ರದೇಶದ ಚಿತ್ತೂರು ಜಿಲ್ಲೆಗೆ ತಾಗಿಕೊಂಡಿದೆ. ಈ ಸೀಮೆಯ ಬಹುಭಾಷಿಕತೆ ಇತ್ತೀಚಿನದಲ್ಲ. ಬಿ.ಎಲ್. ರೈಸ್ ಅವರು ಸಂಪಾದಿಸಿ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಗೆ ಮೀಸಲಾದುದು. ಅದರಲ್ಲಿ ಕನ್ನಡದ ಜೊತೆಗೆ ತಮಿಳು ಮತ್ತು ತೆಲುಗು ಶಾಸನಗಳೂ ಸೇರಿವೆ. ಕೈವಾರದ ನಾರೇಯಣ ಯತೀಂದ್ರರು ತೆಲುಗು ಮತ್ತು ಕನ್ನಡ ಎರಡರಲ್ಲೂ ತತ್ತ್ವಪದಗಳನ್ನು ರಚಿಸಿದರು. ಆ ಪದಗಳನ್ನು ಹಾಡುವ ಭಜನೆಯ ಮೇಳಗಳಿಗೆ ಭಾಷೆ ಬದಲಾದುದನ್ನು ಪ್ರತ್ಯೇಕವಾಗಿ ಸಾರಿ ಹೇಳಬೇಕಾದ ಅಗತ್ಯ ಬೀಳುವುದಿಲ್ಲ. ಅಮ್ಮನ ಮಡಿಲಲ್ಲಿ ಕುಳಿತು ಭಜನೆ ಕೇಳುವ ಮಗುವಿಗೂ ಆ ಅಗತ್ಯ ಬೀಳುವುದಿಲ್ಲ.

ಇಂತಹ ಪರಿಸರದ ತೆಲುಗು ಮನೆಮಾತಿನ ಕುಟುಂಬಗಳಲ್ಲಿ ಎಳೆಯ ಮಕ್ಕಳಿಗೆ ಎರಡನೆಯ ಭಾಷೆಯಾದ ಕನ್ನಡ ಹೇಗೆ ಪರಿಚಯವಾಗುತ್ತದೆ, ಈ ಪರಿಚಯದಲ್ಲಿ ಶಿಶುಜಾನಪದದ ಪಾತ್ರವೇನು, ಅದನ್ನು ವಿವರಿಸಲು ವಿದ್ವತ್ ವಲಯ ಬಳಸಿಕೊಂಡು ಬಂದಿರುವ ಮಾದರಿಗಳು ಎಷ್ಟರಮಟ್ಟಿಗೆ ಸಮರ್ಪಕ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಮರ್ಶಾತ್ಮಕವಾಗಿ ಪರಿಶೀಲಿಸಲಾಗಿದೆ. ಮನೆಯಲ್ಲಿ ಕನ್ನಡ, ಸುತ್ತಲ ಓಣಿಯಲ್ಲಿ ತೆಲುಗು ಇರುವ ಕುಟುಂಬಗಳಿಗೂ ಈ ಚರ್ಚೆ ತಿರುಗುಮುರುಗಾಗಿ ಅನ್ವಯಿಸುತ್ತದೆ.

ಮಹಡಿಯಿಲ್ಲದ ಮನೆ

ಮಕ್ಕಳಿಗೆ ಮನೆಯಲ್ಲಿಯೇ ಎರಡು ಭಾಷೆಗಳನ್ನು ಕಲಿಸುವ ಕುರಿತಾದ ಆಧುನಿಕ ಅಧ್ಯಯನ ಫ್ರಾನ್ಸ್‌ನ ಭಾಷಾವಿಜ್ಞಾನಿ ಜೂಲ್ಸ್ ರೋಂಜಾ ಅವರಿಂದ ಆರಂಭವಾಯಿತೆನ್ನಬಹುದು. ತಮ್ಮ ಮಗ ಲೂಯಿ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳನ್ನು ಒಟ್ಟಿಗೆ ಕಲಿತ ಬಗೆಯನ್ನು ಅವರು 1913ರಲ್ಲಿ ಪ್ರಕಟಿಸಿದರು. ತಂದೆ ಒಂದು ಭಾಷೆಯನ್ನೂ ತಾಯಿ ಇನ್ನೊಂದು ಭಾಷೆಯನ್ನೂ ಮಗುವಿನೊಡನೆ ತಪ್ಪದೆ ಬಳಸಬೇಕೆಂಬ ‘ಒಬ್ಬ ವ್ಯಕ್ತಿ, ಒಂದು ಭಾಷೆ’ ಎಂಬ ಸೂತ್ರ ಅಲ್ಲಿಂದ ಪ್ರಚಾರಕ್ಕೆ ಬಂದಿತು. ಅನಂತರ ವರ್ನರ್ ಲಿಯೊಪೋಲ್ಡ್ ಅವರು ತಮ್ಮ ಮಗಳ ಇಂಗ್ಲಿಷ್–ಜರ್ಮನ್ ಕಲಿಕೆಯನ್ನು 1939ರಿಂದ 1949ರ ಅವಧಿಯಲ್ಲಿ ನಾಲ್ಕು ಸಂಪುಟಗಳಲ್ಲಿ ದಾಖಲಿಸಿದರು. ಈ ಎರಡೂ ಅಧ್ಯಯನಗಳ ಶಿಸ್ತು ಅನುಕರಣೀಯವೇ ಸರಿ. ಆದರೆ ಎರಡರಲ್ಲೂ ಮನೆಯೆಂದರೆ ತಂದೆ, ತಾಯಿ, ಮಗು. ಭಾಷೆಯೆಂದರೆ ಪೋಷಕರು ಆಲೋಚಿಸಿ ಕೈಗೊಂಡ ತೀರ್ಮಾನ. ಅಜ್ಜಿ, ಸೋದರತ್ತೆ, ನೆರೆಮನೆಯ ಓರಗೆಯ ಮಕ್ಕಳು, ದನ ಕಾಯುವ ಹುಡುಗ, ವಾರದ ಸಂತೆ ಇವಾವುವೂ ಅಲ್ಲಿ ನಿರ್ಣಾಯಕವಲ್ಲ.

ಕರ್ನಾಟಕದ ಸಂದರ್ಭದಲ್ಲಿ ಎ.ಕೆ. ರಾಮಾನುಜನ್ ಅವರು ತಮ್ಮ ಮೈಸೂರಿನ ಬಾಲ್ಯದ ಮನೆಯನ್ನು ಕುರಿತು ನೀಡಿರುವ ವಿವರಣೆ ಇದಕ್ಕಿಂತ ಹೆಚ್ಚು ಸಮೃದ್ಧವಾಗಿದೆ. ಮಹಡಿಯ ಮೇಲೆ ತಂದೆಯ ಇಂಗ್ಲಿಷ್, ಕೆಳಗೆ ಅಡುಗೆಮನೆಯಲ್ಲಿ ತಾಯಿಯ ತಮಿಳು, ಹೊರಗೆ ಬೀದಿಯಲ್ಲಿ ಕನ್ನಡ ಎಂಬ ಅವರ ಚಿತ್ರಣ ಭಾಷೆಯನ್ನು ಸ್ಥಳದೊಡನೆ ಬೆಸೆಯುತ್ತದೆ. ಅಡುಗೆಮನೆಯಲ್ಲಿ ಹೆಂಗಸರು ಮಕ್ಕಳಿಗೆ ಉಣಿಸುತ್ತ ಹೇಳುವ ಕಥೆಗಳಿಗೆ ವಿದ್ವತ್ತಿನ ಗೌರವವನ್ನು ತಂದುಕೊಟ್ಟವರಲ್ಲಿ ಅವರು ಪ್ರಮುಖರು. ಆದರೂ ಈ ಮಾದರಿಯನ್ನು ತಾಯಲೂರಿನಂತಹ ಊರಿಗೆ ಯಥಾವತ್ತಾಗಿ ಅನ್ವಯಿಸುವಂತಿಲ್ಲ. ಮಹಡಿ ಇರುವ ಮನೆಯಲ್ಲಿ ಮಾತ್ರ ಭಾಷೆಗಳಿಗೆ ಅಂತಸ್ತುಗಳು ದೊರೆಯುತ್ತವೆ. ಅಡುಗೆ, ಮಲಗುವುದು, ಕಾಳು ಹಸನು ಮಾಡುವುದು ಎಲ್ಲವೂ ಒಂದೇ ಪಡಸಾಲೆಯಲ್ಲಿ ನಡೆಯುವ ಮನೆಯಲ್ಲಿ ಮಾತುಗಳಿಗೆ ಗೋಡೆಯಿಲ್ಲ. ಅಲ್ಲಿ ಅಜ್ಜಿ ಮಗನೊಡನೆ ತೆಲುಗಿನಲ್ಲಿ ಮಾತನಾಡುತ್ತಾಳೆ, ಬಂಗಾರಪೇಟೆಯ ಕಡೆಯಿಂದ ಬಂದ ಸೊಸೆಯೊಡನೆ ಕನ್ನಡದಲ್ಲಿ ಮಾತನಾಡುತ್ತಾಳೆ, ಮೊಮ್ಮಗುವಿನೊಡನೆ ಎರಡರಲ್ಲೂ ಮಾತನಾಡುತ್ತಾಳೆ. ‘ಒಬ್ಬ ವ್ಯಕ್ತಿ, ಒಂದು ಭಾಷೆ’ ಎಂಬ ಸೂತ್ರ ಅಜ್ಜಿಯ ಬಳಿಯೇ ಮುರಿದುಬೀಳುತ್ತದೆ. ಮಗು ಮಾತ್ರ ಗೊಂದಲಕ್ಕೆ ಒಳಗಾಗುವುದಿಲ್ಲ. ಹಾಗಾದರೆ ಆ ಮಗುವಿಗೆ ಎರಡು ಭಾಷೆಗಳನ್ನು ಬೇರ್ಪಡಿಸಿ ತೋರುವುದು ಯಾವುದು?

ಪ್ರಕಾರವೇ ವಾಹಕ

ಈ ಪ್ರಶ್ನೆಗೆ ಜಾನಪದ ಅಧ್ಯಯನ ಕೊಡಬಹುದಾದ ಉತ್ತರವೊಂದಿದೆ. ಇಂತಹ ಮನೆಗಳಲ್ಲಿ ಭಾಷೆಗಳು ವ್ಯಕ್ತಿಯಿಂದಾಗಲಿ ಸ್ಥಳದಿಂದಾಗಲಿ ಪೂರ್ಣವಾಗಿ ಬೇರ್ಪಡುವುದಿಲ್ಲ. ಬಹುಮಟ್ಟಿಗೆ ಅಭಿವ್ಯಕ್ತಿಯ ಪ್ರಕಾರದಿಂದ ಬೇರ್ಪಡುತ್ತವೆ. ತೊಟ್ಟಿಲು ತೂಗುವ ಲಾಲಿ, ದೃಷ್ಟಿ ತೆಗೆಯುವ ಮಾತು, ಎಣ್ಣೆ ಹಚ್ಚಿ ನೀರೆರೆಯುವಾಗ ಆಡುವ ಮುದ್ದಿನ ನುಡಿಗಳು ಹಿರಿಯ ಹೆಂಗಸಿನ ಹುಟ್ಟುಮಾತಿನಲ್ಲಿ ನಿಲ್ಲುತ್ತವೆ. ಮಗು ಅಂಗಳಕ್ಕೆ ಇಳಿದ ಮೇಲೆ ಕೈಬೆರಳು ಎಣಿಸುವ ಆಟ, ಸರದಿ ನಿರ್ಧರಿಸುವ ಪ್ರಾಸ, ಅಣಕದ ಮಾತುಗಳು ಓರಗೆಯವರ ಭಾಷೆಯಲ್ಲಿ ಬರುತ್ತವೆ. ಒಗಟು ಎರಡಕ್ಕೂ ಸೇರಿದುದು. ಕನ್ನಡದಲ್ಲಿ ಒಗಟು, ತೆಲುಗಿನಲ್ಲಿ ಪೊಡುಪುಕಥೆ ಎನಿಸುವ ಈ ಪ್ರಕಾರದಲ್ಲಿ ತೆಂಗಿನಕಾಯಿ, ಮೊಟ್ಟೆ, ದೀಪ, ನೆರಳು ಇವೇ ಉತ್ತರಗಳು. ಕಲ್ಪನೆ ಒಂದೇ, ನಾದ ಬೇರೆ. ಒಂದು ಭಾಷೆಯಲ್ಲಿ ಉತ್ತರ ತಿಳಿದಿರುವ ಮಗುವಿಗೆ ಇನ್ನೊಂದು ಭಾಷೆಯ ಒಗಟು ಅರ್ಧ ಬಿಡಿಸಿದಂತೆಯೇ. ಎರಡನೆಯ ಭಾಷೆಯ ಕಲಿಕೆಗೆ ಇದಕ್ಕಿಂತ ಸಹಜವಾದ ಪಾಠಕ್ರಮವನ್ನು ರೂಪಿಸುವುದು ಕಷ್ಟ.

ಆಟಗಳ ಹೆಸರುಗಳೂ ಗಮನಾರ್ಹ. ಕುಂಟೆಬಿಲ್ಲೆ ಆಡುವ ಮಗುವಿಗೆ ತೊಕ್ಕುಡುಬಿಳ್ಳ ಅದೇ ಆಟದ ಇನ್ನೊಂದು ಹೆಸರು. ಚಿಣ್ಣಿದಾಂಡು ಅತ್ತ ಬಿಳ್ಳಂಗೋಡು. ಅಳಗುಳಿಮಣೆ ಅತ್ತ ವಾಮನಗುಂಟಲು. ಅಚ್ಚಿನ ಕಲ್ಲಾಟ ಅತ್ತ ಅಚ್ಚನಗಾಯಲು. ಆಟದ ನಿಯಮ ಮೊದಲೇ ಗೊತ್ತಿರುವುದರಿಂದ ಭಾಷೆ ಮಾತ್ರ ಹೊಸದು. ಎಣಿಕೆಯಲ್ಲಿಯೂ ಇದೇ ಬಗೆಯ ಆಸರೆ ಇದೆ. ಐದು, ಆರು ಎರಡು ಭಾಷೆಗಳಲ್ಲೂ ಸಮಾನ. ಮೂರು–ಮೂಡು, ನಾಲ್ಕು–ನಾಲುಗು, ಏಳು–ಏಡು ಹತ್ತಿರದ ಬಂಧುಗಳು. ಎಂಟು–ಎನಿಮಿದಿ, ಒಂಬತ್ತು–ತೊಮ್ಮಿದಿ ತುಸು ದೂರದವು. ಮಗು ಪರಿಚಿತದಿಂದ ಅಪರಿಚಿತದ ಕಡೆಗೆ ಎಣಿಸುತ್ತಲೇ ಸಾಗುತ್ತದೆ.

ಓದುವ ವಯಸ್ಸಿಗೆ ಬಂದ ಮೇಲೆ ಇದೇ ಕೆಲಸವನ್ನು ಮುದ್ರಿತ ಮಾಧ್ಯಮವೊಂದು ಬಹುಕಾಲ ನಿರ್ವಹಿಸಿತು. 1947ರಲ್ಲಿ ಮದರಾಸಿನಿಂದ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾದ ‘ಚಂದಮಾಮ’ ಮುಂದೆ ಕನ್ನಡದಲ್ಲಿಯೂ ಬಂದಿತು. ಅದೇ ಬೇತಾಳ, ಅದೇ ಚಿತ್ರಗಳು, ಅದೇ ಕಥೆಗಳು ಬೇರೆ ಬೇರೆ ಲಿಪಿಗಳಲ್ಲಿ ಮಕ್ಕಳ ಕೈ ಸೇರಿದವು. ಆಕಾಶದ ಚಂದ್ರನನ್ನು ಮಾಮನೆಂದು ಕರೆದು ಮಗುವಿಗೆ ತುತ್ತು ಉಣಿಸುವ ಪದ್ಧತಿ ಎರಡು ಭಾಷೆಗಳಲ್ಲೂ ಇರುವುದರಿಂದ ಆ ಹೆಸರಿಗೆ ಅನುವಾದವೇ ಬೇಕಾಗಲಿಲ್ಲ.

ಪ್ರಕಾರವೇ ವಾಹಕವೆಂಬ ಈ ಮಾತನ್ನೂ ನಿಯಮವೆಂದು ಬಿಗಿಗೊಳಿಸುವುದು ಸರಿಯಲ್ಲ. ಅಂಗಳದ ಅಣಕದಲ್ಲಿ ಎರಡು ಭಾಷೆಗಳು ಒಂದೇ ಸಾಲಿನಲ್ಲಿ ಬೆರೆಯುವುದುಂಟು. ನಗೆ ಹುಟ್ಟುವುದೇ ಆ ಬೆರಕೆಯಿಂದ. ಆದರೆ ಬೆರಕೆಯನ್ನು ಬೆರಕೆಯೆಂದು ಗುರುತಿಸಿ ನಗಬೇಕಾದರೆ ಮಗುವಿಗೆ ಎರಡು ಭಾಷೆಗಳ ಗೆರೆ ಮೊದಲೇ ತಿಳಿದಿರಬೇಕು. ಈ ಅಂಶವನ್ನು ಗೊಂದಲವೆಂದು ಕರೆಯುವವರು ಗಮನಿಸಿಲ್ಲ.

ತಪ್ಪೆಂದು ಎಣಿಸಲಾದ ನಿಯಮಗಳು

ತೆಲುಗು ಮನೆಮಾತಿನ ಮಗು ಶಾಲೆಯ ಕನ್ನಡಕ್ಕೆ ಬಂದಾಗ ಕೆಲವು ಪ್ರಯೋಗಗಳು ತಪ್ಪುಗಳೆಂದು ಪರಿಗಣಿತವಾಗುತ್ತವೆ. ಅವುಗಳಲ್ಲಿ ಪ್ರಮುಖವಾದುದು ಲಿಂಗವ್ಯವಸ್ಥೆಗೆ ಸಂಬಂಧಿಸಿದ್ದು. ಕನ್ನಡದ ಏಕವಚನದಲ್ಲಿ ಬಂದನು, ಬಂದಳು, ಬಂದಿತು ಎಂಬ ಮೂರು ರೂಪಗಳಿವೆ. ತೆಲುಗಿನಲ್ಲಿ ಪುರುಷನಿಗೆ ‘ವಚ್ಚಾಡು’. ಹೆಂಗಸಿಗೂ ವಸ್ತುವಿಗೂ ‘ವಚ್ಚಿಂದಿ’ ಎಂಬ ಒಂದೇ ರೂಪ. ಆದ್ದರಿಂದ ಮಗು ‘ಅಕ್ಕ ಬಂತು’ ಎಂದಾಗ ಅದು ತನ್ನ ಮನೆಮಾತಿನ ವ್ಯಾಕರಣವನ್ನು ಕ್ರಮಬದ್ಧವಾಗಿಯೇ ಅನುಸರಿಸುತ್ತಿರುತ್ತದೆ. ಅಲ್ಲದೆ ‘ಅಕ್ಕ ಬಂತು’, ‘ಅಮ್ಮ ಹೋಯ್ತು’ ಎಂಬ ಪ್ರಯೋಗಗಳು ಹಳೆಯ ಮೈಸೂರು ಸೀಮೆಯ ಕನ್ನಡದ ಮನೆಗಳಲ್ಲಿಯೂ ಸಲುಗೆಯ ಮಾತಾಗಿ ಬಳಕೆಯಲ್ಲಿವೆ. ಕನ್ನಡ ಮನೆಯ ಮಗುವಿನ ಬಾಯಲ್ಲಿ ಪ್ರೀತಿಯೆನಿಸುವ ಮಾತು ತೆಲುಗು ಮನೆಯ ಮಗುವಿನ ಬಾಯಲ್ಲಿ ತಪ್ಪೆನಿಸುವುದಾದರೆ, ಅಲ್ಲಿ ಅಳೆಯಲಾಗುತ್ತಿರುವುದು ವ್ಯಾಕರಣವನ್ನಲ್ಲ.

ಧ್ವನಿಯ ವಿಷಯದಲ್ಲಿಯೂ ಹೀಗೆಯೇ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗಿದೆ. ತೆಲುಗಿನಲ್ಲಿ ಅದು ಪಕಾರವಾಗಿಯೇ ಉಳಿದಿದೆ. ಹಾಲು–ಪಾಲು, ಹುಲಿ–ಪುಲಿ, ಹಂದಿ–ಪಂದಿ, ಹತ್ತು–ಪದಿ ಇಂತಹ ಜೋಡಿಗಳನ್ನು ಎರಡೂ ಭಾಷೆಗಳನ್ನು ಕೇಳುತ್ತ ಬೆಳೆದ ಮಗು ನಾಲ್ಕೈದು ವರ್ಷಕ್ಕೇ ತನಗರಿಯದಂತೆ ವಶಪಡಿಸಿಕೊಂಡಿರುತ್ತದೆ. ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿ ಪಂಪನನ್ನು ಓದುವಾಗ ಕಲಿಯುವ ಧ್ವನಿನಿಯಮವನ್ನು ಈ ಮಗು ಹಾಲಿನ ಬಟ್ಟಲಿನ ಮುಂದೆ ಕಲಿತಿದೆ. ಅದೇ ರೀತಿ ತೆಲುಗಿನಲ್ಲಿ ಕೇಳುಗನನ್ನು ಹೊರಗಿಟ್ಟು ಹೇಳುವ ‘ಮೇಮು’, ಕೇಳುಗನನ್ನೂ ಸೇರಿಸಿಕೊಂಡು ಹೇಳುವ ‘ಮನಮು’ ಎಂಬ ಎರಡು ಸರ್ವನಾಮಗಳಿವೆ. ಇಂದಿನ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಕನ್ನಡಕ್ಕೆ ಬರುವ ಮಗು ಇಲ್ಲಿ ಹೊಸ ಭೇದವನ್ನು ಕಲಿಯಬೇಕಾಗಿಲ್ಲ, ಇರುವ ಭೇದವನ್ನು ಬಿಡಬೇಕಾಗಿದೆ. ಬಂಧುವಾಚಕಗಳಲ್ಲಿ ಇನ್ನೊಂದು ಬಗೆಯ ತೊಡಕಿದೆ. ಕನ್ನಡದ ಹಲವು ಕಡೆಗಳಲ್ಲಿ ‘ಅವ್ವ’ ಎಂದರೆ ತಾಯಿ. ರಾಯಲಸೀಮೆಯ ತೆಲುಗಿನಲ್ಲಿ ‘ಅವ್ವ’ ಎಂದರೆ ಅಜ್ಜಿ. ಪಾಠದಲ್ಲಿ ಅವ್ವ ಮಗುವಿಗೆ ಹಾಲೂಡಿಸಿದಳೆಂದು ಓದುವ ಬಾಲಕನಿಗೆ ಅಜ್ಜಿಯ ಮುಖ ಮನಸ್ಸಿಗೆ ಬಂದರೆ ಅದು ಬುದ್ಧಿಯ ಕೊರತೆಯಲ್ಲ.

ಎರಡು ಭಾಷೆಯ ಮಕ್ಕಳು ಬುದ್ಧಿಯಲ್ಲಿ ಹಿಂದುಳಿಯುತ್ತಾರೆಂಬ ಅಭಿಪ್ರಾಯಕ್ಕೆ ವಿದ್ವತ್ತಿನ ಮುದ್ರೆಯೂ ಒಮ್ಮೆ ಬಿದ್ದಿತ್ತು. ವೇಲ್ಸ್ ಪ್ರಾಂತದ ಮಕ್ಕಳನ್ನು ಕುರಿತು ಡಿ.ಜೆ. ಸೇಯರ್ 1923ರಲ್ಲಿ ಪ್ರಕಟಿಸಿದ ಅಧ್ಯಯನ ಅಂತಹ ತೀರ್ಮಾನಕ್ಕೆ ಬಂದಿತು. ಮಕ್ಕಳ ಸಾಮಾಜಿಕ ಹಿನ್ನೆಲೆಯನ್ನು ಸರಿಯಾಗಿ ಗಣನೆಗೆ ತೆಗೆದುಕೊಳ್ಳದಿರುವುದು ಅದರ ದೋಷವೆಂದು ಮುಂದಿನವರು ತೋರಿಸಿದರು. 1962ರಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಮಾಂಟ್ರಿಯಲ್ ನಗರದ ಹತ್ತು ವರ್ಷದ ಮಕ್ಕಳ ನಡುವೆ ನಡೆಸಿದ ಅಧ್ಯಯನದಲ್ಲಿ ದ್ವಿಭಾಷಿಕ ಮಕ್ಕಳೇ ಮುಂದಿದ್ದರು. ಭಾರತದಲ್ಲಿ ಅಜಿತ್ ಮೊಹಾಂತಿ ಅವರು ಒಡಿಶಾದ ಕಂಧ ಸಮುದಾಯದ ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನಗಳು ನಮ್ಮ ಸಂದರ್ಭಕ್ಕೆ ಹೆಚ್ಚು ಹತ್ತಿರದವು. ಒಂದೇ ಸಮುದಾಯದ ಕುಯಿ–ಒಡಿಯಾ ದ್ವಿಭಾಷಿಕ ಮಕ್ಕಳನ್ನೂ ಒಡಿಯಾ ಮಾತ್ರ ಬಲ್ಲ ಮಕ್ಕಳನ್ನೂ ಹೋಲಿಸಿದಾಗ ದ್ವಿಭಾಷಿಕರ ಸಾಧನೆ ಮೇಲಾಗಿತ್ತು. ಸಮುದಾಯ ಒಂದೇ ಆಗಿದ್ದುದರಿಂದ ಸೇಯರ್ ಅಧ್ಯಯನದ ದೋಷ ಇಲ್ಲಿಗೆ ತಾಗುವುದಿಲ್ಲ. ಗಡಿಯೂರಿನ ಮಗುವನ್ನು ಕುರಿತ ಪೂರ್ವಗ್ರಹಕ್ಕೆ ಈಗ ವಿದ್ವತ್ತಿನ ಆಸರೆಯಿಲ್ಲ. ಅಭ್ಯಾಸಬಲದ ಆಸರೆ ಮಾತ್ರ ಉಳಿದಿದೆ.

ಸಂಗ್ರಹಗಳ ಏಕಭಾಷಿಕ ದೃಷ್ಟಿ

ಶಾಲೆಯನ್ನು ಟೀಕಿಸುವ ಮುನ್ನ ಜಾನಪದ ಅಧ್ಯಯನ ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕು. ಹಲಸಂಗಿಯ ಗೆಳೆಯರ ಶ್ರಮದಿಂದ 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾದಂದಿನಿಂದ ಕನ್ನಡದ ಜಾನಪದ ಸಂಗ್ರಹ ಮುಖ್ಯವಾಗಿ ಭಾಷೆಯ ಹೆಸರಿನಲ್ಲಿ ನಡೆದುಬಂದಿದೆ. ನಾಡು ಹರಿದುಹಂಚಿಹೋಗಿದ್ದ ಕಾಲದಲ್ಲಿ, ಜನರ ಬಾಯಲ್ಲಿರುವ ಹಾಡು ಕನ್ನಡದ ಐಕ್ಯಕ್ಕೆ ಸಾಕ್ಷಿಯಾಗಿ ಬೇಕಾಗಿತ್ತು. ಆ ಸಂಕಲ್ಪದ ಚಾರಿತ್ರಿಕ ಮಹತ್ತ್ವವನ್ನು ಅಲ್ಲಗಳೆಯಲಾಗದು. ಆದರೆ 1956ರ ಏಕೀಕರಣದ ನಂತರವೂ ಅದೇ ದೃಷ್ಟಿ ಮುಂದುವರಿದುದರಿಂದ ಗಡಿಜಿಲ್ಲೆಗಳಿಗೆ ಅನ್ಯಾಯವಾಯಿತು. ಸಂಗ್ರಾಹಕನು ಕನ್ನಡದ ಹಾಡನ್ನು ಕೇಳಿದಾಗ ವಕ್ತೃವು ತನ್ನಲ್ಲಿರುವ ಕನ್ನಡದ ಭಾಗವನ್ನು ಮಾತ್ರ ಆರಿಸಿ ಕೊಡುತ್ತಾಳೆ. ಅವಳು ಮಗುವಿಗೆ ತೆಲುಗಿನ ಲಾಲಿಯನ್ನೂ ಕನ್ನಡದ ಜೋಗುಳವನ್ನೂ ಒಂದೇ ರಾತ್ರಿ ಒಂದರ ಹಿಂದೊಂದು ಹಾಡುವವಳಾಗಿದ್ದರೆ, ಆ ಸರಣಿ ಸಂಗ್ರಹದಲ್ಲಿ ಮಾಯವಾಗುತ್ತದೆ. ಅತ್ತ ಆಂಧ್ರದ ಸಂಗ್ರಾಹಕನಿಗೆ ಅವಳು ಕರ್ನಾಟಕದವಳು. ಹೀಗೆ ಎರಡೂ ಸಾಹಿತ್ಯಗಳ ಲೆಕ್ಕದಿಂದ ಒಂದು ಇಡೀ ಪ್ರದರ್ಶನ ಸಂದರ್ಭವೇ ಹೊರಗುಳಿಯುತ್ತದೆ.

ಸಂಗ್ರಹದ ಹಾಳೆಯಲ್ಲಿ ವಕ್ತೃವಿನ ಹೆಸರು, ವಯಸ್ಸು, ಜಾತಿ, ಊರುಗಳ ಜೊತೆಗೆ ಆಕೆಯ ತವರಿನ ಮಾತು, ಗಂಡನ ಮನೆಯ ಮಾತು, ಹಾಡನ್ನು ಯಾರಿಗೆ ಹಾಡಲಾಗುತ್ತದೆ, ಕೇಳುವ ಮಗುವಿನ ವಯಸ್ಸು ಇವುಗಳನ್ನು ಬರೆದುಕೊಂಡಿದ್ದರೆ ಭಾಷಾಕಲಿಕೆಯ ಚರಿತ್ರೆಗೆ ಬೆಲೆಕಟ್ಟಲಾಗದ ಆಕರ ದೊರೆಯುತ್ತಿತ್ತು. ಜನಗಣತಿಯ ವ್ಯಾಖ್ಯೆಯಂತೆ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆ. ತಾಯಿ ಎರಡು ಭಾಷೆಗಳಲ್ಲಿ ಆಡಿದ್ದರೆ ಏನು ಬರೆಯಬೇಕು? ಅರ್ಜಿಯಲ್ಲಿ ಇರುವುದು ಒಂದೇ ಖಾನೆ. ಬಲ್ಲ ಇತರ ಭಾಷೆಗಳಿಗೆ ಬೇರೆ ಖಾನೆಗಳಿದ್ದರೂ ತಾಯಿಯ ಮಾತಿಗೆ ಎರಡನೆಯ ಸ್ಥಾನವಿಲ್ಲ. ಜಾನಪದ ಸಂಗ್ರಹ ಜನಗಣತಿಯ ಖಾನೆಯನ್ನು ಮೀರಬೇಕಾಗಿತ್ತು, ಅದನ್ನೇ ಅನುಸರಿಸಿತು.

ಇದಕ್ಕೆ ಪೂರಕವಾಗಿ ಇನ್ನೊಂದು ರೂಢಿಯನ್ನೂ ಪ್ರಶ್ನಿಸಬೇಕಿದೆ. ದ್ವಿಭಾಷಿಕತೆಯ ಮಾತು ಬಂದಾಗಲೆಲ್ಲ ಮನೆಯಲ್ಲಿ ತಮಿಳು ಆಡುತ್ತಿದ್ದ, ಮಾಲೂರು ತಾಲ್ಲೂಕಿನ ಮಾಸ್ತಿ ಅವರನ್ನೂ ಮನೆಯಲ್ಲಿ ಮರಾಠಿ ಆಡುತ್ತಿದ್ದ ಬೇಂದ್ರೆ ಅವರನ್ನೂ ಉದಾಹರಿಸುವುದು ವಾಡಿಕೆ. ಈ ಹೆಸರುಗಳು ಅಭಿಮಾನ ತರುತ್ತವೆ, ವಿವರಣೆ ನೀಡುವುದಿಲ್ಲ. ಅಕ್ಷರಸ್ಥ ಮನೆತನದ ಮಗುವಿಗೆ ಪುಸ್ತಕ, ಶಾಲೆ, ಗುರು ದೊರೆತ ಹಾಗೆ ಕೂಲಿಕಾರರ ಮಗುವಿಗೆ ದೊರೆಯಲಿಲ್ಲ. ಮನೆಯ ದ್ವಿಭಾಷಿಕತೆ ತನ್ನಷ್ಟಕ್ಕೆ ತಾನೇ ಸಾಹಿತ್ಯವನ್ನಾಗಲಿ ಉದ್ಯೋಗವನ್ನಾಗಲಿ ತರುವುದಿಲ್ಲ. ಅದಕ್ಕೆ ಮನ್ನಣೆ ನೀಡುವ ಸಂಸ್ಥೆಗಳು ಹೊರಗೆ ಇರಬೇಕಾಗುತ್ತದೆ.

ಮೂರನೆಯ ಮಾತು

ಈ ಚಿತ್ರಕ್ಕೆ ಇಂದು ಇಂಗ್ಲಿಷ್ ಪ್ರವೇಶಿಸಿದೆ. ಭಾಷಾನೀತಿಯ ಚರಿತ್ರೆ ಇಲ್ಲಿ ಪ್ರಸ್ತುತ. ಗೋಕಾಕ್ ವರದಿ 1981ರಲ್ಲಿ ಸಲ್ಲಿಕೆಯಾಯಿತು, 1982ರಲ್ಲಿ ಅದರ ಜಾರಿಗಾಗಿ ರಾಜ್ಯವ್ಯಾಪಿ ಚಳವಳಿ ನಡೆಯಿತು. 1994ರ ಸರ್ಕಾರಿ ಆದೇಶ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ವಿಧಿಸಿತು. ಈ ವಿವಾದದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ನೀಡಿದ ತೀರ್ಪಿನಂತೆ ಮಗುವಿನ ಮಾತೃಭಾಷೆ ಯಾವುದೆಂಬುದನ್ನು ನಿರ್ಧರಿಸುವವರು ಪೋಷಕರು. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಬಲವಂತವಾಗಿ ಹೇರುವಂತಿಲ್ಲ. ಎಲ್ಲಿಯವರೆಗೆ ಕಲಿಕೆಯ ಮಾಧ್ಯಮ ಕಾನೂನಿನ ಪ್ರಶ್ನೆಯಾಗಿತ್ತೋ ಅಲ್ಲಿಯವರೆಗೆ ಮನೆಯ ಅಂಗಳ ತನ್ನ ಪಾಡಿಗೆ ತಾನಿತ್ತು. ಈಗ ತೀರ್ಮಾನ ಮನೆಗೇ ಬಂದಿದೆ.

ಮಗು ಶಾಲೆಗೆ ಹೋಗುವ ಮೊದಲೇ ಇಂಗ್ಲಿಷ್ ಪರಿಚಯವಾಗಲಿ ಎಂಬ ಆಸೆಯಿಂದ ಪೋಷಕರು ಮನೆಯಲ್ಲಿ ಬಳಸುವ ಇಂಗ್ಲಿಷಿನ ಸ್ವರೂಪವನ್ನು ಗಮನಿಸಬೇಕು. ಅದು ಹೆಚ್ಚಾಗಿ ಎರಡು ರೂಪಗಳಲ್ಲಿ ಬರುತ್ತದೆ: ಕಮ್, ಸಿಟ್, ಈಟ್ ಎಂಬ ಆಜ್ಞೆಗಳು, ಆ್ಯಪಲ್, ಡಾಗ್, ರೆಡ್ ಎಂಬ ಹೆಸರುಗಳು. ಆಜ್ಞೆಗೆ ಮಗು ವಿಧೇಯವಾಗಬೇಕು, ಹೆಸರನ್ನು ಒಪ್ಪಿಸಬೇಕು. ಎರಡರಲ್ಲಿಯೂ ಮಗುವಿಗೆ ಮರುಮಾತಾಡುವ ಅವಕಾಶವಿಲ್ಲ. ಕನ್ನಡವಾಗಲಿ ತೆಲುಗಾಗಲಿ ಎರಡನೆಯ ಭಾಷೆಯಾಗಿ ಮನೆಯನ್ನು ಪ್ರವೇಶಿಸಿದಾಗ ಜೊತೆಯಲ್ಲಿ ಲಾಲಿ, ಒಗಟು, ಅಣಕ, ಆಟಗಳನ್ನು ತಂದಿತು. ಮಗು ಅಲ್ಲಿ ಪ್ರಶ್ನೆ ಕೇಳಬಹುದಾಗಿತ್ತು, ಸೋಲಿಸಬಹುದಾಗಿತ್ತು, ಕಥೆಯನ್ನು ಇನ್ನೊಮ್ಮೆ ಹೇಳೆಂದು ಹಟ ಹಿಡಿಯಬಹುದಾಗಿತ್ತು.

ಇದರ ಹೊಣೆಯನ್ನು ತಾಯಂದಿರ ಮೇಲೆ ಹೊರಿಸಿ ವಿಷಾದಿಸುವ ಪರಿಪಾಠ ಸರಿಯಲ್ಲ. ಅನ್ನದ ದಾರಿ ಯಾವ ಭಾಷೆಯಲ್ಲಿದೆ ಎಂಬುದನ್ನು ಬಡವರು ವಿದ್ವಾಂಸರಿಗಿಂತ ಮೊದಲೇ ಕಂಡುಕೊಳ್ಳುತ್ತಾರೆ. ಆಸೆ ತಪ್ಪಲ್ಲ, ಒಂದು ಭಾಷೆ ಬರಬೇಕಾದರೆ ಇನ್ನೊಂದು ಹೋಗಬೇಕೆಂಬ ನಂಬಿಕೆ ತಪ್ಪು. ಡಿ.ಪಿ. ಪಟ್ಟನಾಯಕ್ ಅವರು 1981ರ ತಮ್ಮ ಗ್ರಂಥದಲ್ಲಿ ಬಹುಭಾಷಿಕತೆ ಮತ್ತು ಮಾತೃಭಾಷಾ ಶಿಕ್ಷಣಗಳನ್ನು ಒಟ್ಟಾಗಿ ಚರ್ಚಿಸಿದುದು ಈ ಕಾರಣಕ್ಕೆ ಮುಖ್ಯ: ಒಂದನ್ನು ಬಿಟ್ಟು ಇನ್ನೊಂದಿಲ್ಲ. ಅಜ್ಜಿಯ ತೆಲುಗನ್ನು ಮಗುವಿನಿಂದ ದೂರವಿಟ್ಟ ಮನೆಯಲ್ಲಿ ಇಂಗ್ಲಿಷ್ ಹೆಚ್ಚಾಗುವುದಿಲ್ಲ. ಮಗುವಿನೊಡನೆ ಮಾತನಾಡುವವರಲ್ಲಿ ಒಬ್ಬರು ಕಡಿಮೆಯಾಗುತ್ತಾರೆ ಅಷ್ಟೆ.

ಸಮಾರೋಪ

ಈವರೆಗಿನ ಪರಿಶೀಲನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಗಡಿಸೀಮೆಯ ಮನೆಯಲ್ಲಿ ಎರಡನೆಯ ಭಾಷೆ ಪೋಷಕರ ಯೋಜನೆಯಿಂದ ಬರುವುದಿಲ್ಲ. ಮೌಖಿಕ ಪ್ರಕಾರಗಳ ಮೂಲಕ, ಹಲವರ ಬಾಯಿಂದ ಬರುತ್ತದೆ. ಆದಕಾರಣ ವ್ಯಕ್ತಿಯನ್ನು ಅಥವಾ ಸ್ಥಳವನ್ನು ಆಧರಿಸಿದ ಮಾದರಿಗಳಿಗೆ ಪ್ರಕಾರವನ್ನು ಆಧರಿಸಿದ ವಿವರಣೆಯನ್ನು ಸೇರಿಸಬೇಕಾಗಿದೆ. ಎರಡನೆಯದಾಗಿ, ಇಂತಹ ಮಗುವಿನ ಕನ್ನಡದಲ್ಲಿ ಕಾಣುವ ಭಿನ್ನ ಪ್ರಯೋಗಗಳು ನಿಯಮಬದ್ಧವಾದವು. ಅವುಗಳ ಪರಿಚಯ ಅಂಗನವಾಡಿಯ ಕಾರ್ಯಕರ್ತೆಗೂ ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ದೊರೆಯಬೇಕು. ಮೂರನೆಯದಾಗಿ, ಗಡಿಜಿಲ್ಲೆಗಳ ಶಿಶುಜಾನಪದವನ್ನು ವಕ್ತೃವಿನ ಎಲ್ಲ ಭಾಷೆಗಳೊಡನೆ, ಹಾಡಿದ ಅನುಕ್ರಮದಲ್ಲಿಯೇ, ಒಂದೇ ಸಂಗ್ರಹದಲ್ಲಿ ದಾಖಲಿಸುವ ಕೆಲಸ ತುರ್ತಾಗಿ ನಡೆಯಬೇಕು. ತೆಲುಗು ಪಾಠವನ್ನು ಕನ್ನಡ ಲಿಪಿಯಲ್ಲಿ ಕೊಟ್ಟು, ಪಕ್ಕದಲ್ಲಿ ಕನ್ನಡದ ಅರ್ಥವನ್ನು ನೀಡಿದರೆ ಅದು ಈ ನಾಡಿನ ಓದುಗರಿಗೂ ಸುಲಭವಾಗಿ ದಕ್ಕುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತನ್ನು ಕಲಿಕೆಯ ಮಾಧ್ಯಮವಾಗಿಸಬೇಕೆಂದು ಹೇಳಿತು. ಮನೆಮಾತು ಒಂದೇ ಎಂಬ ಗ್ರಹಿಕೆ ಅಲ್ಲಿಯೂ ಇಣುಕುತ್ತದೆ. ತಾಯಲೂರಿನಂತಹ ಊರಿನ ಮಗುವಿಗೆ ಮನೆಮಾತು ಯಾವುದೆಂದು ಕೇಳಿದರೆ ಅದು ಯಾರೊಡನೆ, ಯಾವಾಗ, ಯಾವ ಆಟದಲ್ಲಿ ಎಂದು ಮರಳಿ ಕೇಳಬೇಕಾಗುತ್ತದೆ. ಆ ಮರುಪ್ರಶ್ನೆಗೆ ಅವಕಾಶವಿರುವ ಅಧ್ಯಯನ ಕ್ರಮವೊಂದನ್ನು ಕನ್ನಡ ಜಾನಪದ ರೂಪಿಸಿಕೊಳ್ಳಬೇಕಾಗಿದೆ. ಎರಡು ಭಾಷೆಗಳಲ್ಲಿ ತೊಟ್ಟಿಲು ತೂಗಬಲ್ಲ ಹಿರಿಯ ಹೆಂಗಸರು ಇನ್ನೂ ಇರುವಾಗಲೇ ಈ ಕೆಲಸ ಆಗಬೇಕು.